ಈ ಫೈಲು ಏಕೆ ಅಳಿಯುತ್ತಿಲ್ಲ?

ಮಕ್ಕಳೇ, ಶಾಲೆಯ ಕಂಪ್ಯೂಟರಿನಲ್ಲಿ ಬೇಡವಾದ ಫೈಲೊಂದನ್ನು ಆರಿಸಿ ಡಿಲೀಟ್ ಕೀಲಿ ಒತ್ತುತ್ತೀರಿ. ಅದು ಮಾಯವಾಗುವ ಬದಲು ಪರದೆಯ ಮೇಲೆ ಚಿಕ್ಕದೊಂದು ಚೌಕ ಮೂಡುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದೆ. ಓದದೆಯೇ 'ಓಕೆ' ಒತ್ತಿ, ಮತ್ತೆ ಡಿಲೀಟ್ ಒತ್ತುತ್ತೀರಿ. ಮತ್ತೆ ಅದೇ ಚೌಕ! "ಕಂಪ್ಯೂಟರು ಹಳೆಯದಾಯಿತು, ಹಠ ಮಾಡುತ್ತದೆ" ಎನ್ನುತ್ತಾರೆ ಯಾರೋ. ಸಿಟ್ಟು ಬಂದವರು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ.

ಯಂತ್ರಕ್ಕೆ ಹಠವಿಲ್ಲ. ಅದು 'ಆಗದು' ಎಂದರೆ ಕಾರಣ ಇದ್ದೇ ಇರುತ್ತದೆ. ಆ ಕಾರಣ ಹುಡುಕುವುದು ಹೇಗೆ? ನೋಡೋಣ ಬನ್ನಿ.

ಅಳಿಸುವುದು ಎಂದರೇನು?

ನಿಮ್ಮ ಶಾಲೆಯ ಗ್ರಂಥಾಲಯವನ್ನು ನೆನಪಿಸಿಕೊಳ್ಳಿ. ಕಪಾಟಿನಲ್ಲಿ ಪುಸ್ತಕಗಳಿವೆ. ಯಾವ ಪುಸ್ತಕ ಎಲ್ಲಿದೆ ಎಂದು ಬರೆದಿಟ್ಟ ಒಂದು ರಿಜಿಸ್ಟರ್ ಇದೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲೂ ಹೀಗೆಯೇ. ಫೈಲುಗಳ ಜೊತೆಗೆ ಅವುಗಳ ಹೆಸರು ಮತ್ತು ಜಾಗ ಹೇಳುವ ಒಂದು ಪಟ್ಟಿ ಇರುತ್ತದೆ. ಫೈಲನ್ನು ಪೂರ್ತಿ ಅಳಿಸಿದಾಗ ಕಂಪ್ಯೂಟರು ಸಾಮಾನ್ಯವಾಗಿ ಅದರೊಳಗಿನ ವಿಷಯವನ್ನು ಉಜ್ಜಿ ಹಾಕುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರನ್ನು ರದ್ದು ಮಾಡಿ, 'ಈ ಜಾಗ ಖಾಲಿ' ಎಂದು ಗುರುತು ಹಾಕುತ್ತದೆ. ಪೆನ್ ಡ್ರೈವ್‌ಗಳಲ್ಲಿ ಹೆಚ್ಚಾಗಿ ಬಳಸುವ 'ಫ್ಯಾಟ್' ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ 229 ಎಂಬ ಸಂಖ್ಯೆಯನ್ನು ಬರೆಯುತ್ತದೆ. ಇಷ್ಟೇ ಕೆಲಸ! ದೊಡ್ಡ ವಿಡಿಯೋ ನಕಲಿಸಲು ಹಲವು ನಿಮಿಷ ಬೇಕಾದರೂ ಅಳಿಸಲು ಕೆಲವೇ ಕ್ಷಣ ಸಾಕಾಗುವುದು ಇದರಿಂದಲೇ.

ಹೆಸರು ಹೊಡೆದು ಹಾಕುವ ಮೊದಲು ಕಂಪ್ಯೂಟರು ಕೆಲವು ಪ್ರಶ್ನೆ ಕೇಳಿಕೊಳ್ಳುತ್ತದೆ. ಈ ಫೈಲನ್ನು ಈಗ ಯಾರಾದರೂ ಬಳಸುತ್ತಿದ್ದಾರೆಯೇ? ಅಳಿಸುವವರಿಗೆ ಅಧಿಕಾರ ಇದೆಯೇ? ಪಟ್ಟಿಯಲ್ಲಿ ಬರೆಯಲು ಸಾಧ್ಯವೇ? ಉತ್ತರ ಸರಿಬಾರದಿದ್ದರೆ ಚೌಕ ಮೂಡುತ್ತದೆ.

ಮಾಡಿ ನೋಡಿ

ಶಿಕ್ಷಕರ ಜೊತೆಗೂಡಿ ಈ ಪ್ರಯೋಗ ಮಾಡಿ. ವರ್ಡ್ ಇರುವ, ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಬಳಸುವ ಕಂಪ್ಯೂಟರು ಸಾಕು. ನೋಟ್‌ಪ್ಯಾಡಿನಲ್ಲಿ ನಿಮ್ಮ ಹೆಸರು ಬರೆದು ಒಂದು ಫೈಲು ಉಳಿಸಿ. ವರ್ಡ್‌ನಲ್ಲೂ ಹಾಗೆಯೇ ಇನ್ನೊಂದು ಉಳಿಸಿ. ಎರಡನ್ನೂ ಮುಚ್ಚದೆ, ಫೋಲ್ಡರಿಗೆ ಹೋಗಿ ಒಂದೊಂದಾಗಿ ಅಳಿಸಿ ನೋಡಿ.

ನೋಟ್‌ಪ್ಯಾಡಿನ ಫೈಲು ಅಳಿಯುತ್ತದೆ. ವರ್ಡ್ ಫೈಲು ಅಳಿಯುವುದಿಲ್ಲ. ಎರಡೂ ತೆರೆದೇ ಇದ್ದವಲ್ಲ, ಹೀಗೇಕೆ? ನೋಟ್‌ಪ್ಯಾಡ್ ಫೈಲನ್ನು ಒಮ್ಮೆ ಪೂರ್ತಿ ಓದಿಕೊಂಡು ಕೈಬಿಡುತ್ತದೆ. ವರ್ಡ್ ಹಾಗಲ್ಲ. 'ನನ್ನ ಕೆಲಸ ಮುಗಿಯುವವರೆಗೆ ಇದನ್ನು ಯಾರೂ ಅಳಿಸಬಾರದು' ಎಂದು ಬೀಗ ಹಾಕಿಟ್ಟುಕೊಳ್ಳುತ್ತದೆ. ವರ್ಡ್ ಮುಚ್ಚಿ ಮತ್ತೆ ಅಳಿಸಿ. ಈಗ ಬೀಗವಿಲ್ಲ, ಫೈಲು ಅಳಿಯುತ್ತದೆ.

ಲಿನಕ್ಸ್‌ನಲ್ಲಿ ಕ್ರಮ ಬೇರೆ. ಅಲ್ಲಿ ಬಳಕೆಯಲ್ಲಿರುವ ಫೈಲಿನ ಹೆಸರನ್ನೂ ಪಟ್ಟಿಯಿಂದ ತೆಗೆಯಬಹುದು. ಆದರೆ ಬಳಸುವ ತಂತ್ರಾಂಶ ಅದನ್ನು ಬಿಡುವವರೆಗೆ ಡಿಸ್ಕಿನ ಜಾಗ ಖಾಲಿಯಾಗುವುದಿಲ್ಲ.

ಸಾಮಾನ್ಯ ಕಾರಣಗಳು

1. ಫೈಲು ಬಳಕೆಯಲ್ಲಿದೆ: ಕಿಟಕಿ ಮುಚ್ಚಿದರೂ ತಂತ್ರಾಂಶ ಹಿನ್ನೆಲೆಯಲ್ಲಿ ಉಳಿದಿರಬಹುದು. ವಿಂಡೋಸ್ ಎಕ್ಸ್‌ಪಿಯಲ್ಲಿ ವಿಡಿಯೋದ ವಿವರ ತೋರಿಸಲು ಫೋಲ್ಡರೇ ಅದನ್ನು ಹಿಡಿದುಕೊಂಡಿರುವುದುಂಟು.

2. ಬರೆಯದಂತೆ ತಡೆ ಇದೆ: ಕೆಲವು ಮೆಮೊರಿ ಕಾರ್ಡುಗಳ ಪಕ್ಕದಲ್ಲಿ ಪುಟ್ಟದೊಂದು ಜಾರುಗುಂಡಿ ಇರುತ್ತದೆ. ಅದು 'ಲಾಕ್' ಕಡೆಗಿದ್ದರೆ ಕಾರ್ಡಿನಲ್ಲಿ ಏನನ್ನೂ ಬರೆಯಲಾಗದು, ಅಳಿಸಲೂ ಆಗದು. ಅಳಿಸುವುದೂ ಪಟ್ಟಿಯಲ್ಲಿ ಬರೆಯುವ ಕೆಲಸವೇ ಅಲ್ಲವೇ?

3. ಅಧಿಕಾರವಿಲ್ಲ: ಫೈಲು ಬೇರೆಯವರ ಖಾತೆಗೆ ಅಥವಾ ಕಂಪ್ಯೂಟರಿನ ವ್ಯವಸ್ಥೆಗೆ ಸೇರಿದ್ದಿರಬಹುದು.

4. ವಿಳಾಸ ತುಂಬ ಉದ್ದ: ಹಳೆಯ ವಿಂಡೋಸ್‌ನಲ್ಲಿ ಫೋಲ್ಡರುಗಳ ಹೆಸರೂ ಸೇರಿ ಫೈಲಿನ ಪೂರ್ಣ ವಿಳಾಸಕ್ಕೆ ಸುಮಾರು 260 ಅಕ್ಷರಗಳ ಮಿತಿ ಇದೆ. ಅದನ್ನು ಮೀರಿದರೆ ಫೈಲು ಕಂಡರೂ ಕೈಗೆ ಸಿಗದು. ಮೇಲಿನ ಫೋಲ್ಡರುಗಳ ಹೆಸರು ಚಿಕ್ಕದು ಮಾಡಿದರೆ ಸಮಸ್ಯೆ ಬಗೆಹರಿಯುತ್ತದೆ.

5. ಪಟ್ಟಿಯೇ ಕೆಟ್ಟಿದೆ: ಕಂಪ್ಯೂಟರು ಬರೆಯುತ್ತಿದ್ದಾಗ ವಿದ್ಯುತ್ ಹೋದರೆ ಪಟ್ಟಿಯ ಸಾಲು ಅರ್ಧಕ್ಕೇ ನಿಲ್ಲಬಹುದು. ಡಿಸ್ಕ್ ತಪಾಸಣೆ ಮಾಡುವ ಸಾಧನ ವಿಂಡೋಸ್‌ನಲ್ಲೇ ಇದೆ.

6. ವೈರಸ್: ಕೆಲವು ವೈರಸ್‌ಗಳು ಸದಾ ಚಾಲನೆಯಲ್ಲಿದ್ದು ತಮ್ಮ ಫೈಲನ್ನು ತಾವೇ ಕಾಯುತ್ತವೆ. ವೈರಸ್ ನಿರೋಧಕ ತಂತ್ರಾಂಶದಿಂದ ಅವನ್ನು ತೆಗೆಯಬೇಕು.

ಏನು ಮಾಡಬೇಕು?

ಮೊದಲು ಚೌಕದಲ್ಲಿರುವುದನ್ನು ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅರ್ಥವಾಗದಿದ್ದರೆ ಶಿಕ್ಷಕರನ್ನು ಕೇಳಿ. ಆಮೇಲೆ ತೆರೆದಿರುವ ಕೆಲಸ ಉಳಿಸಿ, ತಂತ್ರಾಂಶಗಳನ್ನು ಮುಚ್ಚಿ ಪ್ರಯತ್ನಿಸಿ. ಆಗದಿದ್ದರೆ ಕ್ರಮಬದ್ಧವಾಗಿ ರೀಸ್ಟಾರ್ಟ್ ಮಾಡಿ. ಆಗ ನಡೆಯುತ್ತಿದ್ದ ತಂತ್ರಾಂಶಗಳೆಲ್ಲ ನಿಂತು, ಅವು ಹಾಕಿದ್ದ ಬೀಗಗಳೂ ಬಿಟ್ಟುಹೋಗುತ್ತವೆ. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಇನ್ನೂ ಆಗದಿದ್ದರೆ ಮೇಲಿನ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇಲ್ಲವಾದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗಗಳಲ್ಲೂ ನಾವು ಹೀಗೆಯೇ ಮಾಡುತ್ತೇವೆ.

ಸ್ವಿಚ್ಚು ಮಾತ್ರ ಆರಿಸಬೇಡಿ. ಅಳಿಯದ ಒಂದು ಫೈಲಿಗಾಗಿ, ಅಳಿಯಬಾರದ ಹತ್ತು ಫೈಲು ಹೋಗಬಹುದು. ಶಾಲೆಯ ಕಂಪ್ಯೂಟರು ಎಲ್ಲರದ್ದು. ನಿಮಗೆ ಬೇಡವೆನಿಸಿದ ಫೈಲು, ಪಕ್ಕದ ತರಗತಿಯ ಹುಡುಗಿ ವಾರಗಟ್ಟಲೆ ಕುಳಿತು ಬಿಡಿಸಿದ ಚಿತ್ರವೂ ಆಗಿರಬಹುದು. ಹೆಸರು ಗೊತ್ತಿಲ್ಲದ ಫೈಲು, ಕಂಪ್ಯೂಟರು ಚಾಲೂ ಆಗಲು ಬೇಕಾದದ್ದೇ ಇರಬಹುದು. 'ಇದು ಯಾರದು, ಯಾತಕ್ಕಿದೆ?' ಎಂದು ತಿಳಿದ ಮೇಲೆಯೇ ಅಳಿಸಿ. ಪೆನ್ ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ ಎಂಬುದು ನೆನಪಿರಲಿ.

ಯೋಚಿಸಿ: ಪೆನ್ ಡ್ರೈವ್ ತೆಗೆಯಲು ಹೊರಟಾಗ ಕೆಲವೊಮ್ಮೆ 'ಈಗ ತೆಗೆಯಲಾಗದು' ಎಂಬ ಸೂಚನೆ ಬರುತ್ತದೆ. ಇದಕ್ಕೂ ಅಳಿಯದ ಫೈಲಿಗೂ ಏನು ಸಂಬಂಧ? ಗುಂಪಿನಲ್ಲಿ ಚರ್ಚಿಸಿ, ಉತ್ತರ ಬರೆಯಿರಿ.