ಪಂಪು-ನಾಝಲ್ ಕಸುಬು: ಬೋಟಿನ ಇಂಜಿನ್ ಕಾಯುವ ಕೈಗಳು

ಮಲ್ಪೆಯ ಬಂದರಿಗೋ ಮಂಗಳೂರಿನ ದಕ್ಕೆಗೋ ಹೋದವರ ಕಣ್ಣಿಗೆ ಮೀನು ಇಳಿಸುವವರು, ಹರಾಜು ಕೂಗುವವರು, ಮಂಜುಗಡ್ಡೆ ತುಂಬುವವರು, ಬಲೆ ಕಟ್ಟುವವರು ಎಲ್ಲರೂ ಬೀಳುತ್ತಾರೆ. ಇವರಷ್ಟೇ ಬೇಕಾದವರಾದರೂ ಯಾರ ಕ್ಯಾಮೆರಾಕ್ಕೂ ಸಿಗದವರು ಡೀಸೆಲ್ ಪಂಪು ಮತ್ತು ನಾಝಲ್ ರಿಪೇರಿ ಮಾಡುವವರು. ಬಾಗಿಲು-ಕಿಟಕಿ ಮುಚ್ಚಿದ ಸಣ್ಣ ಕೋಣೆಯೇ ಅವರ ಕಾರ್ಖಾನೆ. ಹೊರಗಿನ ಧೂಳು ಒಳಗೆ ಬರಬಾರದು, ಅದಕ್ಕೇ ಈ ಬಂದೋಬಸ್ತು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತಾರೆ. ಆ ಬಿಸಿಗೆ, ಪಂಪು ಒತ್ತಿ ಕಳಿಸಿದ ಡೀಸೆಲ್ಲನ್ನು ನಾಝಲ್ಲಿನಿಂದ ಮಂಜಿನಂತೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವುದೇ ಕಷ್ಟದ ಕೆಲಸ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಯಶಸ್ವಿಯಾಗಿ ಓಡಿಸಿದಾಗ ಇಂಧನವನ್ನು ಒಳಗೆ ಊದಲು ಪ್ರತ್ಯೇಕ ಕಂಪ್ರೆಸರ್ ಬೇಕಾಗಿತ್ತು. ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಇಂಜಿನ್ ಲಾರಿಗೂ ಸಣ್ಣ ದೋಣಿಗೂ ಹೊಂದುವಷ್ಟು ಚಿಕ್ಕದಾಯಿತು. ನಮ್ಮಲ್ಲಿ ಆ ವಿದ್ಯೆ ಬಂದಿಳಿದದ್ದು ಬೆಂಗಳೂರಿನ ಆಡುಗೋಡಿಗೆ. 1951ರಲ್ಲಿ ಸ್ಥಾಪನೆಯಾದ ಮೈಕೊ, ಅಂದರೆ ಇಂದಿನ ಬಾಷ್ ಲಿಮಿಟೆಡ್, ತಯಾರಿಸಿದ ಪಂಪು-ನಾಝಲ್‌ಗಳನ್ನು ಕೈಯಲ್ಲಿ ಹಿಡಿಯದ ಹಳೆಯ ಡೀಸೆಲ್ ಮೆಕ್ಯಾನಿಕ್ ಸಿಗುವುದು ಕಷ್ಟ.

ಪಂಪಿನ ಒಳಗೆ ಪ್ರತಿ ಸಿಲಿಂಡರಿಗೂ ಒಂದೊಂದು ಎಲಿಮೆಂಟ್ ಇರುತ್ತದೆ. ಬ್ಯಾರಲ್ ಎಂಬ ಉಕ್ಕಿನ ಕೊಳವೆಯಲ್ಲಿ ಪ್ಲಂಜರ್ ಎಂಬ ಬೆರಳುದ್ದದ ಕಡ್ಡಿ ಮೇಲೆ ಕೆಳಗೆ ಓಡುತ್ತದೆ. ಇವೆರಡರ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಲ್ಲಿ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಜಾರಿಕೆ ಕೊಡಬೇಕು. ಹಾಗಿರುವ ಸಂದಿಗೆ ಕಣ್ಣಿಗೆ ಕಾಣದ ಒಂದು ಮರಳಿನ ಚೂರು, ಒಂದು ಹನಿ ನೀರು ಹೋದರೆ ಏನಾಗುತ್ತದೆಂದು ನೋಡಬೇಕಾದರೆ ಆ ಕೋಣೆಯ ಮೇಜಿನ ಮುಂದೆ ನಿಲ್ಲಬೇಕು. ಚೆನ್ನಾಗಿರುವ ಪ್ಲಂಜರ್ ಕನ್ನಡಿಯ ಹಾಗೆ ಹೊಳೆಯುತ್ತದೆ. ಕಸ ತಿಂದದ್ದರ ಮೈಮೇಲೆ ಉದ್ದುದ್ದ ಗೀರು, ನೀರು ಕುಡಿದದ್ದರ ಮೇಲೆ ಕಂದು ತುಕ್ಕಿನ ಚುಕ್ಕೆ.

ನಾಝಲ್ ಪರೀಕ್ಷಿಸುವ ಕ್ರಮವಂತೂ ನೋಡಲು ಸೊಗಸು. ನಾಝಲ್ಲಿನ ಸೂಜಿಯನ್ನು ತೊಳೆದು, ಶುದ್ಧ ಡೀಸೆಲ್ಲಿನಲ್ಲಿ ಅದ್ದಿ, ಇಡೀ ನಾಝಲ್ಲನ್ನು ಓರೆಯಾಗಿ ಹಿಡಿದು ಸೂಜಿಯನ್ನು ಮೂರನೇ ಒಂದರಷ್ಟು ಹೊರಗೆಳೆದು ಬಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರಿ ಕೂರಬೇಕು. ನಡುವೆ ತಡೆದರೆ ಸರಿಯಿಲ್ಲ. ಆಮೇಲೆ ಟೆಸ್ಟರಿಗೆ ಕಟ್ಟಿ ಹಿಡಿ ಒತ್ತಿದರೆ ಹೊಗೆಯಂಥ ಮಂಜು ಚಿಮ್ಮಬೇಕು, ನಿಲ್ಲಿಸಿದಾಗ ತುದಿಯಲ್ಲಿ ಹನಿ ಉಳಿಯಬಾರದು. ಆ ಮಂಜಿನ ಎದುರು ಯಾರೂ ಕೈಯಿಡುವುದಿಲ್ಲ, ಚರ್ಮವನ್ನೇ ತೂರಿಹೋಗುವಷ್ಟು ಒತ್ತಡ ಅದರದ್ದು. ಪಂಪನ್ನು ಕ್ಯಾಲಿಬ್ರೇಶನ್ ಬೆಂಚಿಗೆ ಏರಿಸಿ ತಿರುಗಿಸಿದಾಗ ಸಾಲಾಗಿ ನಿಂತ ಗಾಜಿನ ಕೊಳವೆಗಳಲ್ಲಿ ಡೀಸೆಲ್ ಒಂದೇ ಮಟ್ಟಕ್ಕೆ ಏರಬೇಕು. ಮೆಕ್ಯಾನಿಕ್ ಬಗ್ಗಿ, ಕಣ್ಣನ್ನು ಆ ಮಟ್ಟಕ್ಕೇ ತಂದು ಅಳತೆ ಓದುತ್ತಾನೆ. ಒಂದು ಕೊಳವೆಯಲ್ಲಿ ಕಡಿಮೆಯಾದರೆ ಮತ್ತೆ ಬಿಚ್ಚಿ, ತಿದ್ದಿ, ಮತ್ತೆ ತಿರುಗಿಸಬೇಕು.

ಹನಿಯುವ ನಾಝಲ್ ಪೂರಾ ಇಂಜಿನ್ನನ್ನೇ ಕೆಡಿಸಬಲ್ಲದು. ಸಿಂಪಡಣೆ ಸರಿಯಿಲ್ಲದೆ ಒಂದೇ ಕಡೆ ಉರಿದ ಡೀಸೆಲ್ ಪಿಸ್ಟನ್ನಿನ ತಲೆಗೆ ತೂತು ಕೊರೆಯುತ್ತದೆ. ಉರಿಯದೆ ಉಳಿದದ್ದು ಲೈನರಿನ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗ್ ಸವೆಯುತ್ತದೆ. ಹೊಗೆ ಕಪ್ಪಾದಾಗ, ಇಂಜಿನ್ ಎಳೆಯದಾದಾಗಲೇ ನೋಡಿದ್ದರೆ ನಾಝಲ್ಲಿನ ಖರ್ಚಿನಲ್ಲಿ ಮುಗಿಯುತ್ತಿದ್ದುದು ಕೊನೆಗೆ ಇಂಜಿನ್ ಪೂರ್ತಿ ಬಿಚ್ಚುವಲ್ಲಿಗೆ ಬರುತ್ತದೆ.

ಇದಕ್ಕೆಲ್ಲ ಮೂಲ ಬಹುಪಾಲು ಡೀಸೆಲ್ ಟ್ಯಾಂಕಿನಲ್ಲಿದೆ. ಅರ್ಧ ಖಾಲಿಯಾದ ಟ್ಯಾಂಕಿಗೆ ಕರಾವಳಿಯ ತೇವದ ಗಾಳಿ ಹೊಕ್ಕು ರಾತ್ರಿಯ ತಂಪಿಗೆ ನೀರಾಗುತ್ತದೆ. ಡೆಕ್ಕಿನ ಮೇಲಿನ ಮುಚ್ಚಳ ಸಡಿಲವಾಗಿದ್ದರೆ ಅಲೆಯ ಉಪ್ಪುನೀರೂ ಸೇರುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ನೀರು-ಡೀಸೆಲ್ ಕೂಡುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದು ಲೋಳೆ ಕಟ್ಟುತ್ತದೆ. ಅದರಿಂದ ಹುಟ್ಟುವ ಆಮ್ಲ ಟ್ಯಾಂಕನ್ನೇ ತಿನ್ನುತ್ತದೆ. ಬಂದರಿನಲ್ಲಿ ಬೋಟು ಅಲುಗದೆ ನಿಂತಿರುವಾಗ ಇದಾವುದೂ ಗೊತ್ತಾಗುವುದಿಲ್ಲ. ಕಡಲು ರೊಚ್ಚಿಗೆದ್ದ ದಿನ ತಳದ ಗಸಿಯೆಲ್ಲ ಕದಡಿ ಮೇಲೆದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಜಿನ್ ನಿಲ್ಲುವುದು ಆಗ. ಲಾರಿ ನಿಂತರೆ ರಸ್ತೆ ಬದಿಗೆ ತಳ್ಳಬಹುದು. ಇಂಜಿನ್ ನಿಂತ ಬೋಟು ಅಲೆಗೆ ಅಡ್ಡ ತಿರುಗುತ್ತದೆ, ಅದರಲ್ಲಿರುವವರ ಜೀವವೇ ಅಪಾಯಕ್ಕೆ ಸಿಕ್ಕುತ್ತದೆ. ಹಾಗಾಗಿ ಫಿಲ್ಟರನ್ನು ನಾನು ಲೈಫ್ ಜಾಕೆಟ್ಟಿನ ಸಾಲಿನಲ್ಲೇ ಇಡುತ್ತೇನೆ.

ಟ್ಯಾಂಕಿನ ನಂತರ ಮೊದಲು ಬರಬೇಕಾದದ್ದು ನೀರು ಬೇರ್ಪಡಿಸುವ ಬಟ್ಟಲು ಮತ್ತು 10ರಿಂದ 30 ಮೈಕ್ರಾನಿನ ಒರಟು ಫಿಲ್ಟರ್, ಆಮೇಲೆ ಪಂಪಿಗೆ ಮೊದಲು ನಯವಾದ ಫಿಲ್ಟರ್. ನಯವಾದದ್ದೊಂದೇ ಸಾಕೆಂದರೆ ಅದು ಬೇಗ ಕಟ್ಟಿಕೊಂಡು ಇಂಜಿನ್ನಿಗೆ ಡೀಸೆಲ್ ಸಾಲದಾಗುತ್ತದೆ. ಹೊಸ ಕಾಮನ್ ರೈಲ್ ಇಂಜಿನ್ನುಗಳ ಒತ್ತಡ ಸಾವಿರ ಬಾರ್ ದಾಟುವುದರಿಂದ ಅವಕ್ಕೆ ಕಸದ ಸಹನೆ ಇನ್ನೂ ಕಡಿಮೆ. ಆಳಸಮುದ್ರಕ್ಕೆ ಹೋಗುವ ಪ್ರತಿ ಬೋಟಿಗೂ ಜೋಡಿ ಫಿಲ್ಟರ್ ಇರಲೇಬೇಕು. ನಡುವಿನ ವಾಲ್ವ್ ತಿರುಗಿಸಿದರೆ ಇಂಜಿನ್ ಓಡುತ್ತಿರುವಾಗಲೇ ಒಂದನ್ನು ಬದಲಿಸಬಹುದು.

ಕಟ್ಟಿಕೊಂಡ ಫಿಲ್ಟರ್ ಎಲಿಮೆಂಟನ್ನು ಕಿತ್ತೆಸೆದು ಬರೀ ಬಟ್ಟಲಿಟ್ಟು ಓಡಿಸುವುದು ಪಂಪಿನ ಆಯುಷ್ಯಕ್ಕೆ ಕೊಡಲಿ ಏಟು. ಹೊಸ ಫಿಲ್ಟರಿನ ನಡು ತೂತಿಗೆ ಕ್ಯಾನಿನ ಡೀಸೆಲ್ ಸುರಿದು ತುಂಬಿಸುವುದೂ ಅಷ್ಟೇ ಕೆಟ್ಟದ್ದು, ಆ ಡೀಸೆಲ್ ಸೋಸದೆಯೇ ನೇರ ಪಂಪಿಗೆ ಹೋಗುತ್ತದೆ. ಏರ್ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿದರೆ ಕೆಲಸ ತಾನಾಗಿ ಆಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಬಣ್ಣ ಬಳಿಯುವ, ಬಲೆ ರಿಪೇರಿಯಾಗುವ ಆ ಎರಡು ತಿಂಗಳಲ್ಲಿ ಬೋಟಿನ ಮಾಲೀಕರು ಟ್ಯಾಂಕಿನ ಬಾಯಿ ತೆಗೆಸಿ ತಳ ತೊಳೆಸಲಿ, ನಾಝಲ್‌ಗಳನ್ನು ಒಮ್ಮೆ ಪರೀಕ್ಷೆಗೆ ಕೊಡಲಿ. ಕಡಲಿಗಿಳಿದ ಮೇಲೆ ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮುಂಚೆ ಬಟ್ಟಲಿನ ಡ್ರೈನ್ ತಿರುಗಿಸಿ ನೀರು ಬಿಡಿ. ಜೊತೆಗೆ ಎರಡು ಹೆಚ್ಚುವರಿ ಫಿಲ್ಟರ್, ಅದಕ್ಕೆ ತಕ್ಕ ಸ್ಪ್ಯಾನರ್ ಬೋಟಿನಲ್ಲೇ ಇರಲಿ.