ಬಾಲೇವಾಡಿಯಲ್ಲಿ ರೋಬೋ, ಮನೆಯಲ್ಲಿ ಎರಡು ಪಾಳಯ

ಪುಣೆ: ಕೊಂಢವಾದ ಕನ್ನಡಿಗರ ಮನೆಗಳಲ್ಲಿ ಭಾನುವಾರದ ಹರಟೆಗೆ ಕ್ರಿಕೆಟ್ಟೇ ಆಗಬೇಕೆಂದಿಲ್ಲ. ಮಕ್ಕಳಿಗೆ ಕಾದಾಡುವ ರೋಬೋಗಳ ಹುಚ್ಚು. ಗಿರ್ರನೆ ತಿರುಗುವ ಉಕ್ಕಿನ ಡ್ರಮ್ ಗೆಲ್ಲುವುದೋ, ನೆಲಕ್ಕಂಟಿ ನುಗ್ಗಿ ಎದುರಾಳಿಯನ್ನು ಮಗುಚುವ ಇಳಿಜಾರು ತಗಡೋ ಎಂಬುದೇ ವಾದ. ಹಿರಿಯರದು ಫುಟ್‌ಬಾಲ್.

ಎರಡಕ್ಕೂ ಬಾಲೇವಾಡಿ ಕ್ರೀಡಾ ಸಂಕುಲ ಸಾಕ್ಷಿ. 2014ರ ಆಗಸ್ಟ್‌ನಲ್ಲಿ ಏಷ್ಯಾ-ಪೆಸಿಫಿಕ್ ವಿದ್ಯಾರ್ಥಿಗಳ ರೋಬೋಕಾನ್ ಅಲ್ಲಿ ನಡೆದು ವಿಯೆಟ್ನಾಂ ಗೆದ್ದಿತು. ಅದು ಕಾದಾಟವಲ್ಲ, ದೊಡ್ಡ ರೋಬೋ ಮರಿ ರೋಬೋವನ್ನು ಉಯ್ಯಾಲೆ ತೂಗಬೇಕಿತ್ತು. ಹೊಡೆದಾಟಕ್ಕಿಂತ ಇದೇ ಕಷ್ಟವೆನ್ನಬೇಕು.

ಫುಟ್‌ಬಾಲ್ ಮಾತು ಬಂದರೆ ಮನೆಯೇ ಎರಡು ಪಾಳಯ. 2018ರ ಮಾರ್ಚ್‌ನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಎಫ್‌ಸಿ ಪುಣೆ ಸಿಟಿಗೆ ಎದುರಾದದ್ದು ಬೆಂಗಳೂರು ಎಫ್‌ಸಿ. ಬಾಲೇವಾಡಿಯಲ್ಲಿ ಗೋಲಿಲ್ಲದ ಡ್ರಾ. ಕಂಠೀರವದಲ್ಲಿ ಛೆಟ್ರಿ ಹ್ಯಾಟ್ರಿಕ್, 3-1. ಇಲ್ಲೇ ಹುಟ್ಟಿದ ಮಗ ಪುಣೆಯ ಕಡೆ, ಅಪ್ಪ ಬೆಂಗಳೂರಿನ ಕಡೆ. 2019ರಲ್ಲಿ ಪುಣೆ ತಂಡವೇ ಮುಚ್ಚಿಹೋಯಿತು. ಮಕ್ಕಳಿಗೆ ಊರಿನ ತಂಡ ಯಾವುದೆಂಬ ಪ್ರಶ್ನೆ ಉಳಿಯಿತು.

ಅಜ್ಜಂದಿರ ಉತ್ತರ 1948ರ ಲಂಡನ್ ಒಲಿಂಪಿಕ್ಸ್. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತರೂ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 2050ರೊಳಗೆ ವಿಶ್ವಕಪ್ ವಿಜೇತರನ್ನೇ ಸೋಲಿಸುವ ರೋಬೋ ತಂಡ ಕಟ್ಟುವುದು ರೋಬೋಕಪ್‌ನವರ ಗುರಿಯೆಂದು ಮೊಮ್ಮಕ್ಕಳ ಮರುಬಾಣ. ಅವಕ್ಕೆ ಬೂಟು ಬೇಕಾದೀತೇ ಎನ್ನುತ್ತಾರೆ ಅಜ್ಜಂದಿರು.