ಬಿತ್ತನೆ ಕಾಳಿನಿಂದ ಹೊಳೆಯ ನೀರಿಗೆ

ಅಮೆರಿಕದ ಅಯೊವಾ ರಾಜ್ಯದಲ್ಲಿ ಏಪ್ರಿಲ್ ಕೊನೆಯಿಂದ ಮೇವರೆಗೆ ಮೆಕ್ಕೆಜೋಳದ ಬಿತ್ತನೆ. ಅಲ್ಲಿನ ಬಿತ್ತನೆ ಕಾಳಿಗೂ ನಮ್ಮ ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಹೈಬ್ರಿಡ್ ಬೀಜಕ್ಕಿರುವಂತೆ ಢಾಳಾದ ಬಣ್ಣವಿರುತ್ತದೆ. ಇದು ಔಷಧಿ ಹಚ್ಚಿದ ಬೀಜ, ತಿನ್ನುವುದಕ್ಕಲ್ಲ ಎಂದು ತಿಳಿಸುವುದಕ್ಕಾಗಿಯೇ ಆ ಬಣ್ಣ. ಒಂದೊಂದು ಕಾಳಿನ ಮೇಲೂ 0.25ರಿಂದ 1.25 ಮಿಲಿಗ್ರಾಂನಷ್ಟು ಕ್ಲೋಥಿಯಾನಿಡಿನ್ ಎಂಬ ಕೀಟನಾಶಕದ ಲೇಪ ಇರಬಹುದು. ಕಣ್ಣಿಗೆ ಕಾಣದಷ್ಟು ಅಲ್ಪ ಎನಿಸುತ್ತದೆ. ಆದರೆ ಜೇನ್ನೊಣಗಳಿಗೆ ತಲಾ 3.79 ನ್ಯಾನೋಗ್ರಾಂ ಕ್ಲೋಥಿಯಾನಿಡಿನ್ ಉಣಿಸಿದರೆ ಅವುಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬುದು ಪ್ರಯೋಗಗಳಲ್ಲಿ ಸಿದ್ಧವಾಗಿರುವ ಅಳತೆ. ಆ ಲೆಕ್ಕದಲ್ಲಿ, ಅತಿ ತೆಳುವಾಗಿ ಲೇಪಿಸಿದ ಒಂದೇ ಕಾಳಿನ ಮೇಲೆ ಅರವತ್ತಾರು ಸಾವಿರ ನೊಣಗಳಿಗೆ ಸಾಕಾಗುವಷ್ಟು ವಿಷವಿದೆ.

ಲೇಪ ಹಚ್ಚುವುದರ ಉದ್ದೇಶ ಸರಳ. ಕಾಳು ಮೊಳೆಯುವಾಗ ಬೇರು ಈ ವಿಷವನ್ನು ಹೀರಿಕೊಳ್ಳುತ್ತದೆ, ಎಳೆ ಸಸಿಯ ಎಲೆ ಕಾಂಡಗಳಿಗೆಲ್ಲ ಅದು ಹರಡುತ್ತದೆ, ಕಚ್ಚಲು ಬಂದ ಹುಳು ಸಾಯುತ್ತದೆ. ಹೊಲಕ್ಕೆಲ್ಲ ಸಿಂಪಡಿಸುವುದಕ್ಕಿಂತ ಇದು ವಾಸಿ ಎಂದು ರೈತರಿಗೂ ಅನ್ನಿಸಿತು, ಸರ್ಕಾರಗಳಿಗೂ ಅನ್ನಿಸಿತು. ಆದರೆ ಸಸಿ ನಿಜವಾಗಿ ಹೀರಿಕೊಳ್ಳುವುದು ಎಷ್ಟು? ಬೇರೆ ಬೇರೆ ಬೆಳೆಗಳಲ್ಲಿ ಅಳೆದಾಗ ಶೇ 1.6ರಿಂದ 20ರಷ್ಟು ಮಾತ್ರ. ಮಿಕ್ಕಿದ್ದರಲ್ಲಿ ಬಹುಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆನ್ನು ಹತ್ತಿದವರಲ್ಲಿ ಮಿಶೆಲ್ ಹ್ಲಾಡಿಕ್ ಒಬ್ಬರು.

ಹ್ಲಾಡಿಕ್ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ, ಅಂದರೆ ಯುಎಸ್‌ಜಿಎಸ್‌ನ, ಸಂಶೋಧನಾ ರಸಾಯನ ವಿಜ್ಞಾನಿ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಈ ಸಂಸ್ಥೆಗೆ ಕೀಟನಾಶಕಗಳ ಗತಿಯನ್ನೇ ಹಿಂಬಾಲಿಸುವ ಒಂದು ತಂಡ ಮತ್ತು ಪ್ರಯೋಗಾಲಯ ಇವೆ. 1879ರಲ್ಲಿ ಹುಟ್ಟಿದ ಯುಎಸ್‌ಜಿಎಸ್‌ಗೆ ಯಾವ ಔಷಧಿಯನ್ನೂ ನಿಷೇಧಿಸುವ ಅಧಿಕಾರವಿಲ್ಲ, ಅದು ಪರವಾನಗಿಯನ್ನೂ ಕೊಡುವುದಿಲ್ಲ. ಅಳೆಯುವುದು, ಅಳೆದದ್ದನ್ನು ಪ್ರಕಟಿಸುವುದು ಅದರ ಕೆಲಸ. ಮಾರುವ ಕಂಪನಿಗೂ ನಿಯಂತ್ರಿಸುವ ಇಲಾಖೆಗೂ ಸೇರದ ಇಂಥ ಒಂದು ಕಣ್ಣು ಪ್ರತಿ ದೇಶಕ್ಕೂ ಬೇಕು ಎಂಬ ನನ್ನ ನಂಬಿಕೆಯನ್ನು ಈ ಪ್ರಯೋಗಾಲಯದ ವರದಿಗಳು ಗಟ್ಟಿ ಮಾಡಿವೆ.

ಕ್ಲೋಥಿಯಾನಿಡಿನ್, ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್ ಇವೆಲ್ಲ ನಿಯೋನಿಕೋಟಿನಾಯ್ಡ್ ಕುಟುಂಬಕ್ಕೆ ಸೇರಿದವು. 1990ರ ದಶಕದಿಂದ ಒಂದೊಂದಾಗಿ ಮಾರುಕಟ್ಟೆಗೆ ಬಂದು ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯ ಕೀಟನಾಶಕಗಳಾದವು. ಹಿಂದಿನ ಡಿಡಿಟಿ ನೀರಿನಲ್ಲಿ ಕರಗುತ್ತಿರಲಿಲ್ಲ. ಕೆಸರಿಗೆ, ಪ್ರಾಣಿಗಳ ಕೊಬ್ಬಿಗೆ ಅಂಟಿಕೊಳ್ಳುತ್ತಿತ್ತು. ಇವು ಹಾಗಲ್ಲ, ನೀರಿನಲ್ಲಿ ಕರಗುತ್ತವೆ. ಸಸಿಯೊಳಗೆಲ್ಲ ಹರಿಯಬೇಕಾದರೆ ಕರಗಲೇಬೇಕು. ಬೇರಿಗೆ ಹತ್ತಿಸುವ ಅದೇ ಗುಣ ಅವನ್ನು ಮಳೆ ನೀರಿನ ಜೊತೆ ಹಳ್ಳಕ್ಕೂ ಒಯ್ಯುತ್ತದೆ. ಇಷ್ಟಾದರೂ ಅವು ಮಣ್ಣಿನಿಂದ ಬೇಗ ಖಾಲಿಯಾಗುತ್ತವೆ ಎಂದೇನಿಲ್ಲ. ಕೆಲವು ಮಣ್ಣುಗಳಲ್ಲಿ ಕ್ಲೋಥಿಯಾನಿಡಿನ್ ಅರ್ಧಕ್ಕಿಳಿಯಲು ಸಾವಿರ ದಿನಕ್ಕೂ ಮಿಕ್ಕಿ ಬೇಕಾದದ್ದು ದಾಖಲಾಗಿದೆ. ಈ ವರ್ಷ ಬಿತ್ತಿದ ಕಾಳಿನ ವಿಷದ ಮೇಲೆ ಮುಂದಿನ ವರ್ಷದ್ದು ಬಂದು ಕೂರುತ್ತದೆ.

ಹೊಳೆಯ ನೀರಿನಲ್ಲಿ ಇದನ್ನು ಹುಡುಕುವುದು ಸುಲಭದ ಮಾತಲ್ಲ. ಲೆಕ್ಕವೆಲ್ಲ ಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು. ಕನ್ನಂಬಾಡಿ ಅಣೆಕಟ್ಟು ತುಂಬಿ 49.45 ಟಿಎಂಸಿ ಅಡಿ ನೀರು ನಿಂತಿದ್ದಾಗ ಅದರಲ್ಲಿ 1.4 ಕಿಲೋ ಪುಡಿ ಕರಗಿಸಿದರೆ ಲೀಟರಿಗೆ ಒಂದು ನ್ಯಾನೋಗ್ರಾಂ ಆಗುತ್ತದೆ. ಅಷ್ಟನ್ನು ಹಿಡಿಯಬೇಕು. ಬೆಳಕು ತಾಗಿದರೆ ಈ ರಾಸಾಯನಿಕಗಳಲ್ಲಿ ಕೆಲವು ಒಡೆದುಹೋಗುವುದರಿಂದ ಕಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ತಣ್ಣಗಿಟ್ಟು ಪ್ರಯೋಗಾಲಯಕ್ಕೆ ತರುತ್ತಾರೆ. ಗಾಜಿನ ನಾರಿನ ಸೋಸುಕದಲ್ಲಿ ಮಣ್ಣಿನ ಕಣಗಳನ್ನು ಸೋಸಿ ತೆಗೆಯುತ್ತಾರೆ. ಆಮೇಲೆ ಇಡೀ ಲೀಟರ್ ನೀರನ್ನು ಹೆಬ್ಬೆರಳಿನ ಗಾತ್ರದ ಒಂದು ಕೊಳವೆಯ ಮೂಲಕ ನಿಧಾನವಾಗಿ ಹಾಯಿಸುತ್ತಾರೆ. ಅದರೊಳಗಿನ ಪುಡಿಗೆ ಕೀಟನಾಶಕ ಅಂಟಿಕೊಂಡು ನೀರು ಹರಿದುಹೋಗುತ್ತದೆ. ಅಂಟಿದ್ದನ್ನು ಒಂದಿಷ್ಟು ದ್ರಾವಕದಿಂದ ಬಿಡಿಸಿ, ಇಂಗಿಸಿ, ಅಣುಗಳನ್ನು ಬೇರ್ಪಡಿಸಿ ತೂಗುವ ಯಂತ್ರಕ್ಕೆ ಕೊಡುತ್ತಾರೆ. ಅದರ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್.

ಈ ದಾರಿಯಲ್ಲಿ ಎಲ್ಲಾದರೂ ಸೋರಿಹೋದರೆ? ಅದಕ್ಕಾಗಿ ಶುರುವಿನಲ್ಲೇ ನೀರಿಗೆ ತೂಕ ಗೊತ್ತಿರುವ ಗುರುತಿನ ಇಮಿಡಾಕ್ಲೋಪ್ರಿಡ್ ಬೆರೆಸುತ್ತಾರೆ. ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ ಸೇರಿಸಿ ತಯಾರಿಸಿದ್ದು. ಕೊನೆಯಲ್ಲಿ ಅದು ಎಷ್ಟು ವಾಪಸು ಸಿಕ್ಕಿತು ಎಂದು ನೋಡಿದರೆ ಉಳಿದ ಲೆಕ್ಕವನ್ನು ನಂಬಬಹುದೇ ಎಂದು ತಿಳಿಯುತ್ತದೆ. ತನ್ನ ಕೆಲಸವನ್ನು ತಾನೇ ಅನುಮಾನಿಸುವ ಈ ಪದ್ಧತಿಯ ಬಗ್ಗೆ ನನಗೆ ಅಪಾರ ಗೌರವ. ನೀರಿನಲ್ಲಿ ಈ ಕುಟುಂಬದ ಆರು ಕೀಟನಾಶಕಗಳನ್ನು ಅಳೆಯುವ ವಿಧಾನವನ್ನು ಹ್ಲಾಡಿಕ್ ಮತ್ತು ಸಹೋದ್ಯೋಗಿ 2012ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದರು. ಯಾರು ಬೇಕಾದರೂ ಅದನ್ನು ಓದಿ, ಅದೇ ರೀತಿ ಮಾಡಿ ನೋಡಬಹುದು.

ಮರುವರ್ಷ ಅಯೊವಾದ ಸರದಿ. ಮೆಕ್ಕೆಜೋಳ, ಸೋಯಾ ಬಿಟ್ಟರೆ ಬೇರೆ ಕಾಣದ ಆ ಸೀಮೆಯಲ್ಲಿ ಒಂಬತ್ತು ಕಡೆ ಹೊಳೆ ನೀರನ್ನು ಇಡೀ ಬೆಳೆ ಹಂಗಾಮಿನುದ್ದಕ್ಕೂ ಸಂಗ್ರಹಿಸಿದರು. ಕ್ಲೋಥಿಯಾನಿಡಿನ್ ಶೇ 75ರಷ್ಟು ಮಾದರಿಗಳಲ್ಲಿ ಸಿಕ್ಕಿತು. ಅತಿ ಹೆಚ್ಚು ಎಂದರೆ ಲೀಟರಿಗೆ 257 ನ್ಯಾನೋಗ್ರಾಂ. ಎಲ್ಲ ದಿನವೂ ಇಷ್ಟಿರಲಿಲ್ಲ. ಬಿತ್ತನೆಯ ದಿನಗಳಲ್ಲಿ ಮಳೆ ಬಿದ್ದಾಗಲೆಲ್ಲ ಪ್ರಮಾಣ ಜಿಗಿಯಿತು, ಆಮೇಲೆ ಇಳಿಯಿತು. ಕಾಳಿನ ಲೇಪವೇ ಮೂಲವಿರಬೇಕು ಎಂದು ಸಂಶೋಧಕರು ಊಹಿಸಿದ್ದು ಈ ಏರಿಳಿತ ನೋಡಿ. ಆ ಹಂಗಾಮಿನ ಬಳಕೆ ಶುರುವಾಗುವುದಕ್ಕೆ ಮುಂಚೆ ತೆಗೆದ ನೀರಿನಲ್ಲೂ ವಿಷ ಇತ್ತು. ಅದು ಹಿಂದಿನ ವರ್ಷಗಳದ್ದು.

ಆಮೇಲೆ ದೇಶದ ಬೇರೆ ಬೇರೆ ಕಡೆಯ 48 ಹೊಳೆಗಳ ನೀರನ್ನು ನೋಡಿದಾಗ ಶೇ 63ರಲ್ಲಿ ಈ ಕುಟುಂಬದ ಒಂದಾದರೂ ಕೀಟನಾಶಕ ಸಿಕ್ಕಿತು. ಪಟ್ಟಣದ ಹೊಳೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಹುಲ್ಲುಹಾಸು, ಹೂಗಿಡ, ಸಾಕುನಾಯಿಯ ಚಿಗಟ ಎಲ್ಲದಕ್ಕೂ ಇಮಿಡಾಕ್ಲೋಪ್ರಿಡ್ ಬಳಸುತ್ತಾರಲ್ಲ.

ಈ ಅಂಕಿಗಳನ್ನು ಓದುವಾಗ ಒಂದು ಮಾತನ್ನು ನೆನಪಿಡಬೇಕು. ಸಿಕ್ಕಿತು ಎಂದ ಮಾತ್ರಕ್ಕೆ ಕೊಂದಿತು ಎಂದಾಗುವುದಿಲ್ಲ. ಹಾಗಂತ ಇವು ನಿರಪಾಯದ ಅಂಕಿಗಳೂ ಅಲ್ಲ. ನೀರಿನಲ್ಲಿ ಬದುಕುವ ಹುಳುಗಳ ಮಟ್ಟಿಗೆ ದೀರ್ಘಕಾಲ ಇಮಿಡಾಕ್ಲೋಪ್ರಿಡ್ ಲೀಟರಿಗೆ 10 ನ್ಯಾನೋಗ್ರಾಂ ದಾಟಬಾರದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾನದಂಡ. ಅಯೊವಾದಲ್ಲಿ ಅದರ ಗರಿಷ್ಠ ಪ್ರಮಾಣ 42.7 ಇತ್ತು. ಹಲವು ಮೀನು, ಕಪ್ಪೆ, ಹಕ್ಕಿಗಳಿಗೆ ಈ ಹುಳುಗಳೇ ಊಟ.

ಇನ್ನು ಜೇನಿನ ಕತೆ. ಅಮೆರಿಕದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ಜೇನ್ನೊಣ ಅಲ್ಲಿಯದಲ್ಲ, ಯುರೋಪಿನ ವಲಸಿಗರು 17ನೇ ಶತಮಾನದಲ್ಲಿ ತಂದದ್ದು. ಅಲ್ಲಿನ ಸ್ವಂತದ್ದು ಸುಮಾರು ನಾಲ್ಕು ಸಾವಿರ ಜಾತಿಯ ಕಾಡುಜೇನು. ಹೆಚ್ಚಿನವು ಒಂಟಿಯಾಗಿ ಬದುಕುತ್ತವೆ, ಬಹುಪಾಲು ನೆಲದಲ್ಲೇ ಬಿಲ ತೋಡಿ ಮರಿ ಮಾಡುತ್ತವೆ. ಜೇನು ತುಪ್ಪ ಕೊಡುವುದಿಲ್ಲವಾದ್ದರಿಂದ ಅವಕ್ಕೆ ಯಜಮಾನರಿಲ್ಲ. ಪೆಟ್ಟಿಗೆಯ ಜೇನು ಸತ್ತರೆ ಸಾಕಿದವನು ದೂರು ಕೊಡುತ್ತಾನೆ, ನೆಲದೊಳಗಿನ ನೊಣ ಸತ್ತರೆ ಕೇಳುವವರಿಲ್ಲ. ವಿಷ ಕೂತಿರುವ ಮಣ್ಣನ್ನೇ ಅಗೆದು, ಅದರಲ್ಲೇ ಮೊಟ್ಟೆಯಿಡುವ ಈ ಜೀವಿಗಳನ್ನು ಹ್ಲಾಡಿಕ್ ಮತ್ತು ಸಂಗಡಿಗರು ಪರೀಕ್ಷೆಗೆ ತೆಗೆದುಕೊಂಡದ್ದು ನನಗೆ ಈ ಇಡೀ ಕೆಲಸದಲ್ಲೇ ದೊಡ್ಡದಾಗಿ ಕಾಣುತ್ತದೆ.

2013 ಮತ್ತು 2014ರಲ್ಲಿ ಕೊಲರಾಡೊದ ಈಶಾನ್ಯ ಭಾಗದ ಗೋಧಿ ಹೊಲಗಳಲ್ಲೂ ಹುಲ್ಲುಗಾವಲುಗಳಲ್ಲೂ ಅವರು ಕಾಡುಜೇನುಗಳನ್ನು ಹಿಡಿದರು. ಒಂದು ನೊಣದ ತೂಕ ವಿಶ್ಲೇಷಣೆಗೆ ಸಾಲದು. ಹಾಗಾಗಿ ಹಲವನ್ನು ಒಟ್ಟುಗೂಡಿಸಿ 54 ಮಾದರಿ ಮಾಡಿದರು. ನೀರಿಗಿಂತ ನೊಣ ಕಷ್ಟ: ಮೇಣ, ಕೊಬ್ಬು, ಪರಾಗದ ಬಣ್ಣ ಎಲ್ಲ ದ್ರಾವಕಕ್ಕೆ ಬಂದು ಯಂತ್ರವನ್ನು ಗೊಂದಲಕ್ಕೆ ಕೆಡವುತ್ತವೆ, ಅವನ್ನೆಲ್ಲ ಮೊದಲು ತೊಳೆದು ತೆಗೆಯಬೇಕು. ನೂರಕ್ಕೂ ಮಿಕ್ಕಿದ ಕೀಟನಾಶಕಗಳಿಗಾಗಿ ಹುಡುಕಿದಾಗ 19 ಸಿಕ್ಕವು. ಥಯಾಮೆಥೋಕ್ಸಾಮ್ ಶೇ 46ರಷ್ಟು ಮಾದರಿಗಳಲ್ಲಿತ್ತು. ಔಷಧಿ ಹೊಡೆಯದ ಹುಲ್ಲುಗಾವಲಿನ ನೊಣಗಳ ಮೈಯಲ್ಲೂ ಕೀಟನಾಶಕ ಇತ್ತು. ಈ ವರದಿ ಹೇಳಿದ್ದು ನೊಣಗಳಿಗೆ ವಿಷ ತಗುಲಿದೆ ಎಂದಷ್ಟೇ, ಅದರಿಂದ ಏನಾಯಿತು ಎಂದಲ್ಲ. ಆ ಮುಂದಿನ ಪ್ರಶ್ನೆಯನ್ನು ಮಿಸ್ಸೌರಿಯಲ್ಲಿ ಬೇರೊಂದು ತಂಡ ಕೈಗೆತ್ತಿಕೊಂಡಿತು. ಹೊಲದಂಚಿನ ಮಣ್ಣಿನಲ್ಲಿ ನಿಯೋನಿಕೋಟಿನಾಯ್ಡ್ ಹೆಚ್ಚಿದ್ದ ಕಡೆ ಕಾಡುಜೇನಿನ ಜಾತಿಗಳು ಕಡಿಮೆ ಇದ್ದವು ಎಂದು ಅದು 2020ರಲ್ಲಿ ವರದಿ ಮಾಡಿತು.

ಹೊಳೆಯ ನೀರು ಕೊನೆಗೆ ನಲ್ಲಿಗೂ ಬರುತ್ತದೆ. ಅಯೊವಾ ವಿಶ್ವವಿದ್ಯಾಲಯದವರು ಹ್ಲಾಡಿಕ್ ಅವರೊಂದಿಗೆ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ಮರಳಿನ ಶೋಧಕ ದಾಟಿದರೂ ಕ್ಲೋಥಿಯಾನಿಡಿನ್ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಅಯೊವಾ ಸಿಟಿಯ ಪುರಸಭೆ ಬಳಸುವ ಇದ್ದಿಲ ಹರಳಿನ ಶೋಧಕ ಮಾತ್ರ ಅದನ್ನು ಪೂರ್ತಿ ಹಿಡಿದುಕೊಂಡಿತ್ತು. ನನಗೆ ಈ ಫಲಿತಾಂಶ ಭರವಸೆ ಕೊಟ್ಟಿತು, ಏಕೆಂದರೆ ಇದ್ದಿಲು ಅಪರೂಪದ ವಸ್ತುವಲ್ಲ.

ಯುರೋಪಿಯನ್ ಒಕ್ಕೂಟ ಕ್ಲೋಥಿಯಾನಿಡಿನ್, ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್ ಈ ಮೂರರ ಬಯಲು ಬಳಕೆಯನ್ನು 2018ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಇಮಿಡಾಕ್ಲೋಪ್ರಿಡ್ ಲೇಪಿಸಿದ ಹತ್ತಿ ಬೀಜದ ಪೊಟ್ಟಣ ಸಾಮಾನ್ಯ. ಮೆಣಸಿನಕಾಯಿ ಬೆಳೆಯುವವರಿಗೂ ಈ ಹೆಸರು ಚಿರಪರಿಚಿತ. ಆದರೆ ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಹೊರತಂದ ಮಾನದಂಡದ ಕೀಟನಾಶಕ ಪಟ್ಟಿಯಲ್ಲಿ ಎಂಡೋಸಲ್ಫಾನ್, ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಇವೆ, ನಿಯೋನಿಕೋಟಿನಾಯ್ಡ್ ಒಂದೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಮಾಮೂಲಿ ಪರೀಕ್ಷೆಯಲ್ಲಿ ಯಾರೂ ಹುಡುಕುವುದಿಲ್ಲ.

ಹುಡುಕುವ ಶಕ್ತಿ ನಮಗಿಲ್ಲ ಎಂದೇನಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೀಟನಾಶಕ ಉಳಿಕೆಗಳನ್ನು ಅಳೆಯುವ ಪ್ರಯೋಗಾಲಯವಿದೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಇದೆ. ರಾಯಚೂರು ಇರುವುದು ಹತ್ತಿಯ ಸೀಮೆಯಲ್ಲಿ, ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಹೊಲದಂಚಿನ ಹಳ್ಳಗಳಿಂದ ನೀರು ತುಂಬಿಕೊಳ್ಳುವುದಕ್ಕೆ ಸರಿಯಾದ ಸಮಯ ಯಾವುದು ಎಂದು ಅಯೊವಾದ ಏರಿಳಿತ ಆಗಲೇ ತೋರಿಸಿದೆ: ಮುಂಗಾರಿಗೆ ಮುಂಚೆ ಒಮ್ಮೆ, ಬಿತ್ತನೆಯಾದ ಮೇಲಿನ ಮೊದಲ ಜೋರು ಮಳೆಯ ದಿನ ಇನ್ನೊಮ್ಮೆ.